ಜೂನ್ ಒಂದರ ಮಕ್ಕಳು

ಮಣಿಪಾಲ
12 ಸೆಪ್ಟೆಂಬರ್ 2025

ಮಾನ್ಯ ಮುಖ್ಯೋಪಾಧ್ಯಾಯಿನಿ ಶ್ರೀಮತಿ ಸುಭಾಷಿಣಿ ಅವರಿಗೆ,

ನಮಸ್ಕಾರ. ಸಣ್ಣ ಸರ್ಕಾರಿ ಶಾಲೆಗಳಿಗೆ ಯಾವ ಮನೆಗಳ ಮಕ್ಕಳು ಬರುತ್ತಾರೆ, ಬಂದವರು ಎಷ್ಟು ಕಲಿಯುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ತರಗತಿಗಳ ವಿಂಗಡಣೆ ಬಿಟ್ಟು ಬೇರೆ ರೀತಿಯಲ್ಲಿ ಪಾಠ ಮಾಡುವ ಶಾಲೆ ಎಂದು ಉದ್ಯಾವರದ ನಿಮ್ಮ ಶಾಲೆಯನ್ನು ಆರಿಸಿಕೊಂಡೆ. ಜುಲೈ ತಿಂಗಳಲ್ಲಿ ನಾನು ಬಂದಾಗ ನೀವು ದಾಖಲಾತಿ ಪುಸ್ತಕ ತೋರಿಸಿದಿರಿ, ಮಕ್ಕಳಿಗೆ ಪರೀಕ್ಷೆ ಮಾಡಲು ಬಿಟ್ಟಿರಿ. ಅದಕ್ಕೆ ಕೃತಜ್ಞಳು.

ಈಗ ಲೆಕ್ಕ ಹಾಕುವಾಗ ಎರಡು ಸಂಶಯಗಳು ಎದ್ದಿವೆ. ನಿಮ್ಮ 61 ಮಕ್ಕಳಲ್ಲಿ 44 ಮಕ್ಕಳ ತಂದೆತಾಯಿ ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದವರು. ಆ 44ರಲ್ಲಿ 37 ಮಕ್ಕಳು ಜೂನ್ ಒಂದನೇ ತಾರೀಕಿನಂದೇ ಹುಟ್ಟಿದ್ದಾರೆ ಎಂದು ಪುಸ್ತಕದಲ್ಲಿದೆ. ಇದು ಸಾಧ್ಯವಿಲ್ಲ. ಎರಡನೆಯದು, ಈ 37 ಮಕ್ಕಳು ತಮ್ಮ ತರಗತಿಗೆ ಇರಬೇಕಾದ ವಯಸ್ಸಿಗಿಂತ ಸರಾಸರಿ ಒಂದೂವರೆ ವರ್ಷ ದೊಡ್ಡವರು. ವಯಸ್ಸಿಗೆ ಹೋಲಿಸಿದರೆ ಅವರ ಓದು, ಗಣಿತ ಎರಡೂ ಹಿಂದಿವೆ. ನಿಮ್ಮ ಪದ್ಧತಿಯಿಂದ ವಲಸೆ ಬಂದ ಮಕ್ಕಳಿಗೆ ಪ್ರಯೋಜನವಾಗುತ್ತಿಲ್ಲ ಎಂದು ನಾನು ವರದಿಯಲ್ಲಿ ಬರೆಯಬೇಕಾಗುತ್ತದೆ.

ನಿಮಗೆ ಕಳುಹಿಸಿದ ಮೂರು ಇಮೇಲ್‌ಗಳೂ ವಾಪಸ್ ಬಂದವು. ಲಿಖಿತ ಉತ್ತರ ಬೇಕಿರುವುದರಿಂದ ಈ ಪತ್ರ.

ವಿಶ್ವಾಸದ,
ಶ್ರೀವಾಣಿ


ಉದ್ಯಾವರ
19 ಸೆಪ್ಟೆಂಬರ್ 2025

ಶ್ರೀವಾಣಿ ಮೇಡಂ ಅವರಿಗೆ,

ಇಮೇಲ್ ವಿಳಾಸ ಹಿಂದಿನ ಹೆಡ್‌ಮಾಸ್ಟರರದ್ದು. ಅವರು ನಿವೃತ್ತರಾಗುವಾಗ ಪಾಸ್‌ವರ್ಡನ್ನು ಸಂಗಡವೇ ಕೊಂಡುಹೋದರು. ನನಗೆ ಮೊಬೈಲಿನಲ್ಲಿ ಉದ್ದ ಬರೆಯಲು ಬೇಸರ. ನಮ್ಮ ಬಿಸಿಯೂಟದ ಗ್ಲ್ಯಾಡಿಸ್ ಬಾಯಿಯ ಮಗಳು ಮೆಲಿಷಾ ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಅವಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನೀವೂ ಅವಳ ಕೈಯಲ್ಲೇ ಕೊಡಿ. ಅಂಚೆಗಿಂತ ಬೇಗ ಬರುತ್ತದೆ.

ಜೂನ್ ಒಂದರ ಬಗ್ಗೆ ಕೇಳಿದಿರಿ. ನೀವು ಓದಿದ ಶಾಲೆಯಲ್ಲಿ ಅಂಥವರು ಯಾರೂ ಇರಲಿಲ್ಲವೇ? ತಾರೀಕು ಗೊತ್ತಿಲ್ಲದ ಮಗು ಬಂದರೆ ಶಾಲೆ ತೆರೆಯುವ ದಿನವನ್ನೇ ಹುಟ್ಟಿದ ದಿನ ಎಂದು ಬರೆಯುವುದು ಈ ರಾಜ್ಯದ ಮೇಷ್ಟ್ರುಗಳ ಹಳೆಯ ಪದ್ಧತಿ. ವಿಧಾನಸೌಧದಲ್ಲಿ ಹುಡುಕಿದರೆ ಅಲ್ಲಿಯೂ ಜೂನ್ ಒಂದರವರು ಬೇಕಾದಷ್ಟು ಸಿಗುತ್ತಾರೆ. ನಮ್ಮಲ್ಲಿ ಅವತ್ತು ಎಲ್ಲರಿಗೂ ಒಟ್ಟಿಗೆ ಪಾಯಸ. ತಾರೀಕು ನಮ್ಮದು, ವರ್ಷ ಮನೆಯವರದ್ದು.

ಇನ್ನು ಪದ್ಧತಿ. ಇಲ್ಲಿ ಕಟ್ಟಡ ಮುಗಿದರೆ ಮಕ್ಕಳು ಹೋಗುತ್ತಾರೆ, ಪಾಯ ತೋಡಿದರೆ ಬರುತ್ತಾರೆ. ಕಳೆದ ವರ್ಷ ಕಾರ್ಕಳದಲ್ಲಿ ಒಂದು ದೊಡ್ಡ ಕೆಲಸ ಶುರುವಾಯಿತು, ಒಂದೇ ವಾರದಲ್ಲಿ ಒಂಬತ್ತು ಮಕ್ಕಳು ಅಲ್ಲೇ ಹತ್ತಿರದ ಬಜಗೋಳಿಯ ಕಡೆ ಹೋದರು. ನವೆಂಬರಿನಲ್ಲಿ ಬಂದವಳನ್ನು ನಾಲ್ಕನೆಯ ತರಗತಿಯಲ್ಲಿ ಕೂರಿಸಿ ಜೂನಿನ ಪಾಠ ಎಲ್ಲಿ ಎಂದು ಕೇಳಿದರೆ ಅವಳು ಮರುದಿನ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ತರಗತಿ ಇರುವುದು ಪುಸ್ತಕದಲ್ಲಿ ಮಾತ್ರ. ಓದಲು ಬಾರದವರು ಒಂದು ಚಾಪೆ, ಬರುವವರು ಇನ್ನೊಂದು, ಕತೆ ಬರೆಯುವವರು ಜಗಲಿ. ಚಾಪೆ ಬದಲಾದ ದಿನ ಮಗುವಿನ ಮುಖ ನೀವು ನೋಡಬೇಕು. ನಿಮ್ಮ ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ನಾನು ಗಮನಿಸಿದ್ದೇನೆ.

ಸುಭಾಷಿಣಿ


ಮಣಿಪಾಲ
30 ಸೆಪ್ಟೆಂಬರ್ 2025

ಮಾನ್ಯರೇ,

ನಿಮ್ಮ ಉತ್ತರಕ್ಕೆ ಧನ್ಯವಾದ. ತಾರೀಕಿನ ವಿಷಯ ಅರ್ಥವಾಯಿತು. ಹಾಗಾದರೆ ವರ್ಷವನ್ನು ತಪ್ಪಾಗಿ ಹೇಳಿದವರು ಪೋಷಕರು ಎಂದಾಯಿತು. ವಯಸ್ಸು ಹೆಚ್ಚಿಸಿ ಹೇಳಿದರೆ ಮಗು ಬೇಗ ಕೆಲಸಕ್ಕೆ ಹೋಗಬಹುದು ಎಂಬ ಯೋಚನೆ ಇರಬಹುದೆಂದು ನನ್ನ ಅನುಮಾನ. ಅದನ್ನು ಟಿಪ್ಪಣಿಯಾಗಿ ಸೇರಿಸುತ್ತೇನೆ.

ಒಂದು ಮಾತು ಹೇಳಿದರೆ ತಪ್ಪು ತಿಳಿಯಬೇಡಿ. ನನ್ನ ತಂದೆ ಕಾಪುವಿನಲ್ಲಿ ಪುರೋಹಿತರು, ಜಾತಕ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಹುಟ್ಟಿದವರ ಗಳಿಗೆ, ವಿಗಳಿಗೆ ಕೂಡ ಬರೆದಿಟ್ಟಿರುತ್ತಾರೆ. ಹೆತ್ತ ತಾಯಿಗೆ ಮಗು ಹುಟ್ಟಿದ ದಿನ ಗೊತ್ತಿಲ್ಲ ಎಂದರೆ ನನಗೆ ನಂಬಲು ಆಗುವುದಿಲ್ಲ.

ಶ್ರೀವಾಣಿ


ಉದ್ಯಾವರ
25 ಅಕ್ಟೋಬರ್ 2025

ಶ್ರೀವಾಣಿ,

ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬಂತು. ಮಕ್ಕಳನ್ನು ಕೆಲಸಕ್ಕೆ ಕಳುಹಿಸುವುದೇ ಇವರ ಯೋಚನೆಯಾಗಿದ್ದರೆ ಬೆಳಿಗ್ಗೆ ಬುತ್ತಿ ಕಟ್ಟುವ ಮೊದಲು ಮಗುವಿನ ತಲೆ ಬಾಚಿ ಶಾಲೆಗೆ ಯಾಕೆ ಬಿಡುತ್ತಿದ್ದರು? ಸಿಟ್ಟಿನಲ್ಲೇ ನಾಲ್ಕು ಪುಟ ಬರೆದು ಹರಿದು ಹಾಕಿದೆ. ಯಾಕೆಂದರೆ ತಪ್ಪು ನನ್ನದು, ನಿಮಗೆ ನಾನು ಪೂರ್ತಿ ನಿಜ ಹೇಳಿರಲಿಲ್ಲ.

ವರ್ಷವನ್ನೂ ಬರೆದವಳು ನಾನೇ. ಮನೆಯವರು ಗೊತ್ತಿಲ್ಲ ಎನ್ನುತ್ತಾರೆ. ಸಣ್ಣವರಾದರೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಲು ಹೇಳುತ್ತೇನೆ, ಮುಟ್ಟಿದರೆ ಆರು ವರ್ಷ. ದೊಡ್ಡವರಾದರೆ ಹಲ್ಲು ನೋಡಿ, ಎತ್ತರ ನೋಡಿ ಒಂದು ಅಂದಾಜು. ಮೂವತ್ತೈದು ವರ್ಷ ಮಕ್ಕಳನ್ನು ನೋಡಿದ ಕಣ್ಣು, ತಪ್ಪುವುದಿಲ್ಲ ಎಂಬ ಜಂಬ ನನಗಿತ್ತು. ಆದರೆ ನನ್ನ ಕಣ್ಣಿಗೆ ಅಭ್ಯಾಸವಿದ್ದದ್ದು ಈ ಊರಿನ ಮಕ್ಕಳ ಎತ್ತರ. ಆ ಕಡೆಯ ಕೆಲವರು ಉದ್ದಕ್ಕೆ ಬೆಳೆಯುತ್ತಾರೆ.

ಈಗ ಇದನ್ನು ಹೇಳುವುದಕ್ಕೆ ಕಾರಣ ದ್ರಾಕ್ಷಾಯಿಣಿ. ಜುಲೈಯಲ್ಲಿ ನಿಮ್ಮ ಪ್ರಶ್ನೆಪತ್ರಿಕೆ ಮುಗಿಸಿ, ಇನ್ನೊಂದು ಉಂಟಾ ಎಂದು ಕೇಳಿದ ಉದ್ದ ಜಡೆಯ ಹುಡುಗಿ, ನೆನಪಿರಬಹುದು. ತಂದೆ ಸಂಗಮೇಶ ಗಾರೆ ಕೆಲಸ, ತಾಯಿ ಶರಣಮ್ಮ ಅದೇ ಕಟ್ಟಡದಲ್ಲಿ ಮರಳು ಹೊರುತ್ತಾಳೆ. ಎರಡು ವರ್ಷದ ಹಿಂದೆ ಟಿ.ಸಿ. ಇಲ್ಲದೆ ಬಂದಳು. ಎತ್ತರ ನೋಡಿ ಹತ್ತು ವರ್ಷ ಎಂದುಕೊಂಡು 1-6-2013 ಬರೆದೆ, ಮೂರನೆಯ ತರಗತಿಗೆ ಸೇರಿಸಿಕೊಂಡೆ. ಆಧಾರ್ ಮಾಡಿಸಿದ್ದೂ ಅದನ್ನೇ ನೋಡಿ. ಈಗ ಐದನೆಯದು. ಆರನೆಯ ತರಗತಿಗೆ ಸೇರಿಸುವ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಅವಳು ಬರೆದರೆ ಸಿಗುವುದು ಖಂಡಿತ. ಸಿಕ್ಕಿದರೆ ಅಪ್ಪನ ಕಟ್ಟಡ ಎಲ್ಲಿಗೆ ಹೋದರೂ ಅವಳ ಓದು ಒಂದೇ ಕಡೆ ನಿಲ್ಲುತ್ತದೆ. ಮೊನ್ನೆ ಅರ್ಜಿ ತುಂಬಲು ಕುಳಿತರೆ ಕಂಪ್ಯೂಟರ್ ಒಪ್ಪಲಿಲ್ಲ. ಬರುವ ಜೂನಿಗೆ ಹನ್ನೆರಡು ಮೀರಿರಬಾರದಂತೆ. ನನ್ನ ಪುಸ್ತಕದ ಪ್ರಕಾರ ಅವಳಿಗೆ ಹದಿಮೂರು.

"ಎಂತ ಟೀಚರ್, ಊಟ ಬೇಡವಾ?" ಎಂದು ಗ್ಲ್ಯಾಡಿಸ್ ಬಾಯಿ ಎರಡು ಸಲ ಬಂದು ಕೇಳಿದಳು. ಒಂದು ಹುಡುಗಿಯ ದಾರಿಗೆ ಅಡ್ಡ ಬಂದದ್ದು ನನ್ನದೇ ಕೈಬರಹ. ಅರ್ಜಿಗೆ ನವೆಂಬರ್ ಮೂವತ್ತು ಕೊನೆಯ ದಿನ. ಪೋಷಕರ ಮೇಲೆ ಬರೆದ ಆ ಟಿಪ್ಪಣಿಯನ್ನು ದಯವಿಟ್ಟು ತೆಗೆಯಿರಿ.

ಸುಭಾಷಿಣಿ


ಮಣಿಪಾಲ
29 ಅಕ್ಟೋಬರ್ 2025

ಟೀಚರ್,

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ವರದಿಯ ಕರಡನ್ನು ಈ ತಿಂಗಳ ಹತ್ತನೇ ತಾರೀಕಿಗೇ ಕೊಟ್ಟುಬಿಟ್ಟೆ, ಆ ಟಿಪ್ಪಣಿ ಸಮೇತ. ನಿಮ್ಮ ಉತ್ತರ ಬರುವವರೆಗೆ ಕಾಯಬೇಕಿತ್ತು. ಮಾರ್ಗದರ್ಶಕರಾದ ಡೊಮಿನಿಕ್ ಸರ್ ಅದನ್ನು ಓದಿ ಚೆನ್ನಾಗಿದೆ ಎಂದಿದ್ದರು. ಹೊಗಳಿಸಿಕೊಂಡ ಮೇಲೆ ವಾಪಸ್ ಕೇಳಲು ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತೇನೆ.

ದ್ರಾಕ್ಷಾಯಿಣಿ ನೆನಪಿದ್ದಾಳೆ. ಗಣಿತದಲ್ಲಿ ಅವಳು ಒಂದು ಲೆಕ್ಕ ಬಿಟ್ಟು ಎಲ್ಲ ಸರಿ ಮಾಡಿದ್ದಳು. ವಯಸ್ಸು ಹನ್ನೆರಡು ಎಂದು ನಾನು ಅವಳನ್ನು "ಸಾಧಾರಣ" ಎಂದು ಗುರುತಿಸಿದ್ದೆ. ಐದನೆಯ ತರಗತಿಗೆ ತಕ್ಕಂತೆ ಹತ್ತು ವರ್ಷದ ಹುಡುಗಿಯಾದರೆ ಅದು ಸಾಧಾರಣವಲ್ಲ.

ಅಪ್ಪನ ಬಳಿಗೆ ಜಾತಕ ಇಲ್ಲದ ವಯಸ್ಸಾದವರು ಬರುವುದುಂಟು. ಅಪ್ಪ ಅವರ ಹತ್ತಿರ ತಾರೀಕು ಕೇಳುವುದೇ ಇಲ್ಲ. ಹುಟ್ಟಿದ ದಿನ ಮನೆಯಲ್ಲಿ ಯಾವ ಹಬ್ಬ, ಗದ್ದೆಯಲ್ಲಿ ಯಾವ ಕೆಲಸ, ರಾತ್ರಿ ಬೆಳದಿಂಗಳೋ ಕತ್ತಲೆಯೋ ಎಂದು ಕೇಳುತ್ತಾರೆ. ಆಮೇಲೆ ಹಳೆಯ ಪಂಚಾಂಗ ಬಿಡಿಸುತ್ತಾರೆ. ಶರಣಮ್ಮನವರನ್ನೂ ಹಾಗೆ ಕೇಳಿ ನೋಡಿ. ನಿಖರವಾದ ದಿನ ಸಿಕ್ಕಿದರೆ ಹೆರಿಗೆಯಾದ ಆಸ್ಪತ್ರೆಯ ಪುಸ್ತಕದಲ್ಲಿ ಹುಡುಕಿಸಬಹುದು. ದಿನ ಹೇಳದೆ ಕೇಳಿದರೆ ಯಾರೂ ಹುಡುಕುವುದಿಲ್ಲ.

ಶ್ರೀವಾಣಿ


ಉದ್ಯಾವರ
4 ನವೆಂಬರ್ 2025

ಪ್ರೀತಿಯ ಶ್ರೀವಾಣಿ,

ಭಾನುವಾರ ಶರಣಮ್ಮನ ಶೆಡ್ಡಿಗೆ ಹೋಗಿದ್ದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ನೀವು ಹೇಳಿಕೊಟ್ಟ ಹಾಗೆ, ಮಗಳು ಹುಟ್ಟಿದ ದಿನ ಊರಲ್ಲಿ ಯಾವ ಹಬ್ಬವಿತ್ತು ಎಂದು ಕೇಳಿದೆ. ತಟ್ಟುವ ಕೈ ನಿಂತಿತು. ಎಂದಿನಂತೆ "ನೆನಪಿಲ್ರಿ" ಎಂದಳು. ಈ ಸಲ ನಾನು ಎದ್ದು ಬರಲಿಲ್ಲ. ನನ್ನ ತಪ್ಪು ಹೇಳಿಕೊಂಡೆ. ನಿನ್ನ ಮಗಳ ವಯಸ್ಸನ್ನು ನಾನು ಮನಸ್ಸಿಗೆ ಬಂದಂತೆ ಬರೆದೆ, ಅದರಿಂದ ಪರೀಕ್ಷೆ ತಪ್ಪುತ್ತಿದೆ, ನಿನಗೆ ಗೊತ್ತಿದ್ದರೆ ನೀನೊಬ್ಬಳೇ ಅವಳನ್ನು ಉಳಿಸಬಹುದು ಎಂದೆ.

ಅವಳು ಮಗಳನ್ನು ನೀರು ತರಲು ಕಳುಹಿಸಿದಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ನೆನಪಿಲ್ಲದ ಏನ್ರೀ ಟೀಚರ್ರ, ಹಡದಾಕಿ ನಾನು. ದವನದ ಹುಣ್ಣಿವಿ ಇತ್ತು, ಶನಿವಾರ. ಹನುಮಪ್ಪನ ತೊಟ್ಲಾ ತೂಗೋ ದಿನ. ಗ್ರಹಣ ಅಂತ ಮಧ್ಯಾಹ್ನನ ಗುಡಿ ಬಾಗ್ಲಾ ಹಾಕಿದ್ರು. ನನಗ ಬ್ಯಾನಿ ಸುರು ಆಗಿ ದವಾಖಾನಿಗೆ ಒಯ್ದ್ರು. ಆಗಷ್ಟ ಹೊತ್ತು ಮುಳುಗಿತ್ತು. ಕಿಡಕ್ಯಾಗ ಚಂದ್ರಾಮ ಮ್ಯಾಲ ಬರಾಕತ್ತಿದ್ದ, ಅರ್ಧಾ ಕರ್ರಗ. ಅವಾಗ ಈಕಿ ಅತ್ತಳು. ನಮ್ಮತ್ತಿ ಬಂದು ಕೂಸಿನ ಮಾರಿ ನೋಡೂಕಿಂತ ಮೊದಲ, ಈ ದಿನ ಯಾರ ಮುಂದೂ ಆಡಬ್ಯಾಡ, ಗ್ರಹಣದಾಗ ಹುಟ್ಟಿದಾಕಿ ಅಂದ್ರ ನಾಳೆ ಯಾರೂ ಮನಿ ತುಂಬಿಸಿಕೊಳ್ಳಂಗಿಲ್ಲ ಅಂದ್ಲು. ಅವತ್ತಿನಿಂದ ನುಂಗಿಕೊಂಡೀನಿ. ನೀವು ಹತ್ತು ಅಂತ ಬರಕೊಂಡಾಗ ಅಷ್ಟು ಆಗಿಲ್ಲ ಅನಿಸಿತ್ತು. ಬಾಯಿ ಬಿಡಲಿಲ್ಲ."

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ರೊಟ್ಟಿ ತಟ್ಟತೊಡಗಿದಳು. ಊಟ ಮಾಡದೆ ಬಿಡಲಿಲ್ಲ. ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದ ವಿಷಯವನ್ನು ನಾನು ಮರೆವು ಎಂದುಕೊಂಡಿದ್ದೆ. ನನಗೆ ನನ್ನ ಮೇಲೆಯೇ ಬೇಸರವಾಗಿದೆ.

ನಿಮ್ಮ ತಂದೆಯವರಿಗೆ ಕೇಳಬಹುದಲ್ಲವೇ? ಯಾವ ವರ್ಷ ಎಂದು ಅವಳಿಗೂ ಸ್ಪಷ್ಟವಿಲ್ಲ. ಪುರೋಹಿತರು ಗ್ರಹಣದ ಮಾತು ಕೇಳಿ ಏನಾದರೂ ಅಂದುಬಿಟ್ಟರೆ ಎಂದು ಅವಳಿಗೆ ಹೆದರಿಕೆ. ನನಗೂ ಸ್ವಲ್ಪ.

ಸುಭಾಷಿಣಿ


ಕಾಪು
8 ನವೆಂಬರ್ 2025

ಟೀಚರ್,

ಊರಿಗೆ ಬಂದು ಬರೆಯುತ್ತಿದ್ದೇನೆ. ಅಪ್ಪ, ಅನಂತಪದ್ಮನಾಭ ಭಟ್ಟರು, ಜಗಲಿಯಲ್ಲಿ ಪಂಚಾಂಗಗಳ ಕಟ್ಟು ಬಿಚ್ಚಿ ಕುಳಿತರು. ಆಮೇಲೆ ಹೇಳಿದ್ದು ಕೇಳಿ ನಾನು ಗಾಬರಿಯಾದೆ. ದವನದ ಹುಣ್ಣಿಮೆ, ಅಂದರೆ ಚೈತ್ರ ಹುಣ್ಣಿಮೆಯ ದಿನ, ಚಂದ್ರಗ್ರಹಣ ಒಂದಲ್ಲ, ಮೂರು ವರ್ಷ ಸಾಲಾಗಿ ಬಂದಿದೆ. 2013, 2014, 2015. ಮೊದಲನೆಯದೇ ಆಗಿದ್ದರೆ ನಿಮ್ಮ ಪುಸ್ತಕದ ವರ್ಷವೇ ಸರಿ, ಅವಳು ಪರೀಕ್ಷೆಗೆ ಕೂರುವಂತಿಲ್ಲ.

"ಗಡಿಬಿಡಿ ಮಾಡಬೇಡ ಮಾರಾಯ್ತಿ," ಎಂದರು ಅಪ್ಪ. "ಆ ತಾಯಿ ಎಂತ ಹೇಳಿದ್ದು, ಸರಿಯಾಗಿ ಓದು."

ನಿಮ್ಮ ಕಾಗದ ಓದಿದೆ. ಅವರು ಬೆರಳಿಟ್ಟು ತೋರಿಸಿದರು. 2013ರದ್ದು ಗುರುವಾರ, ಗ್ರಹಣ ಹಿಡಿದದ್ದು ನಡುರಾತ್ರಿ ಕಳೆದ ಮೇಲೆ. 2014ರದ್ದು ಮಂಗಳವಾರ, ನಮಗೆ ಹಗಲು, ಕಾಣಿಸಲೇ ಇಲ್ಲ. 2015ರದ್ದು ಏಪ್ರಿಲ್ 4, ಶನಿವಾರ. ಚಂದ್ರೋದಯಕ್ಕೆ ಮೊದಲೇ ಹಿಡಿದು, ಏಳೂಕಾಲಕ್ಕೆ ಬಿಟ್ಟಿತು. ಹೊತ್ತು ಮುಳುಗಿದ ಮೇಲೆ ಅರ್ಧ ಕಪ್ಪಾದ ಚಂದ್ರ ಮೇಲೆ ಬರುವುದನ್ನು ಶನಿವಾರ ನೋಡಿದ್ದರೆ ಅದು ಅದೊಂದೇ ದಿನ. "ಇಷ್ಟು ಸರಿಯಾಗಿ ನಮ್ಮ ಪೈಕಿಯವರೂ ಹೇಳುವುದಿಲ್ಲ," ಎಂದರು. ದ್ರಾಕ್ಷಾಯಿಣಿಗೆ ಹತ್ತು ವರ್ಷ ಏಳು ತಿಂಗಳು, ಟೀಚರ್.

ನೀವು ಹೆದರಿದ್ದನ್ನು ನಾನೇ ಕೇಳಿದೆ. ಗ್ರಹಣದಲ್ಲಿ ಹುಟ್ಟಿದರೆ ಶಾಂತಿ ಮಾಡಿಸಬೇಕಲ್ಲವಾ ಎಂದೆ. ಅಪ್ಪ ಕನ್ನಡಕ ತೆಗೆದು ಇಟ್ಟರು. "ಪುಸ್ತಕದಲ್ಲಿ ಉಂಟು. ನಾಳೆ ಪೂಜೆಯ ಹೊತ್ತಿಗೆ ನಾನೇ ಅವಳ ಹೆಸರು ಹೇಳಿ ಮುಗಿಸುತ್ತೇನೆ. ಅವರಿಗೆ ಖರ್ಚಿನ ದಾರಿ ತೋರಿಸಬೇಡ. ಗ್ರಹಣ ಹಿಡಿದದ್ದು ಚಂದ್ರನಿಗೆ, ಮಗುವಿಗೆ ಎಂತ?" ಎಂದರು.

ಹಸ್ತಾ ನಕ್ಷತ್ರ, ಕನ್ಯಾ ರಾಶಿ ಎಂದು ಅವರದೇ ಅಕ್ಷರದಲ್ಲಿ ಬರೆದ ಚೀಟಿ ಇದರ ಜೊತೆಗಿದೆ. ಶರಣಮ್ಮನವರಿಗೆ ಓದಿ ಹೇಳಿ.

ನಿಮ್ಮ
ಶ್ರೀವಾಣಿ


ಉದ್ಯಾವರ
29 ನವೆಂಬರ್ 2025

ಪ್ರೀತಿಯ ಶ್ರೀವಾಣಿ,

ಅರ್ಜಿ ಹೋಯಿತು. ಕೊನೆಯ ದಿನಕ್ಕೆ ಒಂದು ದಿನ ಉಳಿದಿತ್ತು.

ಸಂಗಮೇಶ ನಾಲ್ಕು ದಿನ ಕೆಲಸ ಬಿಟ್ಟು ಊರಿಗೆ ಹೋದ. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆರಿಗೆ ಪುಸ್ತಕ ಅಟ್ಟದ ಮೇಲೆ ಇತ್ತಂತೆ. ಮೊದಲು ಇಲ್ಲವೆಂದ ನರ್ಸು, ತಾರೀಕು, ವಾರ, ಹೊತ್ತು ಮೂರೂ ಹೇಳಿದ ಮೇಲೆ ಏಣಿ ತರಿಸಿದಳಂತೆ. 4-4-2015, ಸಂಜೆ 6.50, ಹೆಣ್ಣು, ತಾಯಿ ಶರಣಮ್ಮ. ಅವನು ಅದರ ಫೋಟೊ ಕಳುಹಿಸಿದಾಗ ನಾನು ಪಾಠದ ನಡುವೆ ಇದ್ದೆ. ಉಳಿದ ಪಾಠ ಆಗಲಿಲ್ಲ, ಮಕ್ಕಳನ್ನು ಆಟಕ್ಕೆ ಬಿಟ್ಟೆ. ಆ ಪುಸ್ತಕ ಇದ್ದ ಮೇಲೆ ಜನನ ಪ್ರಮಾಣಪತ್ರ ಸಿಕ್ಕಿತು, ಅದನ್ನು ತೋರಿಸಿ ಆಧಾರ್ ಕೂಡ ತಿದ್ದಿಸಿದೆವು.

ದಾಖಲಾತಿ ತಿದ್ದಲು ಮೊದಲ ನಮೂದು ತಪ್ಪೆಂದು ಬರೆದುಕೊಡಬೇಕಿತ್ತು. "ಪೋಷಕರ ಹೇಳಿಕೆಯ ದೋಷ ಅಂತ ಹಾಕಿ ಮೇಡಂ, ನಿಮಗೆ ತೊಂದರೆ ಇಲ್ಲ," ಎಂದು ಕಚೇರಿಯ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮೇ ತಿಂಗಳಲ್ಲಿ ನನ್ನ ನಿವೃತ್ತಿ, ಪೆನ್ಷನ್ ಕಾಗದ ಅದೇ ಮೇಜಿನ ಮೇಲಿತ್ತು. ಒಂದು ಕ್ಷಣ ಕೈ ತಡೆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ "ಅಂದಾಜಿನ ಮೇಲೆ ನಾನೇ ಬರೆದದ್ದು" ಎಂದು ಬರೆದು ಸಹಿ ಹಾಕಿದೆ. ವಿವರಣೆ ಕೇಳಿ ಒಂದು ನೋಟಿಸು ಬಂದಿದೆ. ಬರಲಿ. ವಿವರಣೆ ಬರೆಯುವುದು ನಿಮ್ಮಿಂದಾಗಿ ಚೆನ್ನಾಗಿ ಅಭ್ಯಾಸವಾಗಿದೆ.

ನಿಮ್ಮ ತಂದೆಯವರ ಚೀಟಿಯನ್ನೂ ನಿಮ್ಮ ಕಾಗದದಲ್ಲಿದ್ದ ಅವರ ಮಾತನ್ನೂ ಓದಿ ಹೇಳಿದೆ. ಶರಣಮ್ಮ ಎರಡು ಸಲ ಓದಿಸಿದಳು. ಮಗುವಿಗೆ ಎಂತ ಎಂಬ ಮಾತನ್ನು ಮಾತ್ರ ಮೂರನೆಯ ಸಲವೂ ಕೇಳಿದಳು.

ಸುಭಾಷಿಣಿ


ಮಣಿಪಾಲ
20 ಫೆಬ್ರವರಿ 2026

ಟೀಚರ್,

ಮೆಲಿಷಾ ಸಿಕ್ಕಿದ್ದಳು. ದ್ರಾಕ್ಷಾಯಿಣಿ ಪರೀಕ್ಷೆ ಮುಗಿಸಿ ನಗುತ್ತಲೇ ಹೊರಗೆ ಬಂದಳಂತೆ, ನಿಮ್ಮ ನೋಟಿಸು ಎಚ್ಚರಿಕೆಯಲ್ಲೇ ಮುಗಿಯಿತಂತೆ. ಎರಡೂ ಕೇಳಿ ಹಗುರಾಯಿತು.

ನನ್ನ ವರದಿಯನ್ನು ವಾಪಸ್ ಪಡೆದೆ. ಡೊಮಿನಿಕ್ ಸರ್ ಬೈಯಲಿಲ್ಲ. ಅಳತೆಯ ಕೋಲೇ ವಕ್ರವಿತ್ತು ಎಂದು ಕಂಡುಹಿಡಿಯುವುದೂ ಸಂಶೋಧನೆಯೇ ಎಂದರು. ವಯಸ್ಸು ಬಿಟ್ಟು, ಮಗು ನಿಮ್ಮ ಶಾಲೆಗೆ ಬಂದು ಎಷ್ಟು ತಿಂಗಳಾಯಿತು, ಅಷ್ಟರಲ್ಲಿ ಎಷ್ಟು ಚಾಪೆ ದಾಟಿತು ಎಂದು ಹೊಸ ಕೋಷ್ಟಕ ಮಾಡಿದ್ದೇನೆ. ಹೌದು, ಈಗ ಅದಕ್ಕೆ ಕಾಲಂ ಉಂಟು. ಒಂದು ವರ್ಷಕ್ಕಿಂತ ಹೆಚ್ಚು ನಿಮ್ಮಲ್ಲಿ ನಿಂತ ಮಕ್ಕಳು ಸುತ್ತಲಿನ ಶಾಲೆಗಳ ಮಕ್ಕಳಿಗಿಂತ ಮುಂದಿದ್ದಾರೆ. ಊರಿನವರು, ಹೊರಗಿನವರು ಎಂಬ ವ್ಯತ್ಯಾಸ ಕಾಣುತ್ತಿಲ್ಲ. ಮೂರು ಸಲ ಲೆಕ್ಕ ಹಾಕಿದೆ, ನನ್ನ ಮೇಲೆ ನನಗೇ ನಂಬಿಕೆ ಕಡಿಮೆಯಾಗಿದೆ.

ಒಂದೇ ಕೊರತೆ. ಉಳಿದ ಮೂವತ್ತಾರು ಮಕ್ಕಳ ನಿಜವಾದ ವಯಸ್ಸು ಸಿಕ್ಕಿದ್ದರೆ ಇದು ಇನ್ನೂ ಗಟ್ಟಿಯಾಗುತ್ತಿತ್ತು. ಜನವರಿಯಲ್ಲಿ ನಾನೇ ಬಂದು ಹನ್ನೊಂದು ತಾಯಂದಿರನ್ನು ಹಬ್ಬ, ಬೆಳದಿಂಗಳು ಎಂದೆಲ್ಲ ಕೇಳಿದೆ. ಎಲ್ಲರೂ ನಕ್ಕು, ಚಹಾ ಕೊಟ್ಟು, ನೆನಪಿಲ್ಲ ಎಂದರು. ಅವರಿಗೆ ನಿಜವಾಗಿಯೂ ನೆನಪಿಲ್ಲದಿರಬಹುದು. ಇರುವುದರಲ್ಲೇ ಮುಗಿಸುತ್ತೇನೆ.

ನಿಮ್ಮ
ಶ್ರೀವಾಣಿ


ಉದ್ಯಾವರ
11 ಏಪ್ರಿಲ್ 2026

ನನ್ನ ಶ್ರೀವಾಣಿ,

ದ್ರಾಕ್ಷಾಯಿಣಿ ಪಾಸಾಗಿದ್ದಾಳೆ. ವಸತಿ ಶಾಲೆಯ ಪಟ್ಟಿಯಲ್ಲಿ ಏಳನೆಯ ಹೆಸರು. ಬೆಳಿಗ್ಗೆ ಫಲಿತಾಂಶ ಪ್ರಿಂಟ್ ಹಾಕಿಸಿಕೊಂಡು, ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿ ಮಣಿಪಾಲಕ್ಕೇ ಬಂದೆ. ನಿಮ್ಮನ್ನು ನೋಡದೆ ವಾಪಸ್ ಹೋದದ್ದಕ್ಕೆ ಬೈಯಬೇಡಿ, ಮುಂದೆ ಓದಿ.

ಶರಣಮ್ಮ ಕೆಲಸ ಮಾಡುವ ಮಣಿಪಾಲದ ಕಟ್ಟಡ ಈಗ ಮೂರನೆಯ ಮಹಡಿಗೆ ಏರಿದೆ. ಊಟದ ಹೊತ್ತು. ಹೆಂಗಸರೆಲ್ಲ ಕೆಳಗೆ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದರು. ನಾನು ವಿಷಯ ಹೇಳಿದೆ. ಶರಣಮ್ಮ ಎದ್ದು ಬಂದು ಸಿಮೆಂಟಿನ ಕೈಯನ್ನು ಮಗಳ ಕೆನ್ನೆಗೆ ತಾಗಿಸಬೇಕೋ ಬೇಡವೋ ಎಂದು ಹಿಡಿದು ನಿಂತಳು. ಮಗಳೇ ಆ ಕೈ ಎಳೆದು ಕೆನ್ನೆಗೆ ಒತ್ತಿಕೊಂಡಳು. ಸಂಗಮೇಶ ಮೇಲಿನಿಂದ ಇಳಿದು ಬಂದವನು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿದ, ಮಗಳು ಸರಿ ಮಾಡಿ ಕೊಟ್ಟಳು.

ಅಲ್ಲಿ ರತ್ನವ್ವ ಎಂಬವಳಿದ್ದಳು. ಅವಳ ಮಗ ರಾಮಲಿಂಗ ನಮ್ಮ ಶಾಲೆಯಲ್ಲಿ ನಾಲ್ಕನೆಯದು. ನೀವು ಜನವರಿಯಲ್ಲಿ ಕೇಳಿದಾಗ ಅತಿ ಹೆಚ್ಚು ನಕ್ಕವಳು ಅವಳೇ. "ಎಂಥಾ ಗಳಿಗ್ಯಾಗ ಹಡದಿ ಶರಣವ್ವಾ, ಇಷ್ಟು ಶಾಣ್ಯಾ ಆಗಾಕ?" ಎಂದು ಕೇಳಿದಳು. ಸುಮ್ಮನೆ ಮೆಚ್ಚಿಗೆಯ ಮಾತು. ಆದರೆ ಮಗಳು ಪಕ್ಕದಲ್ಲೇ ಇದ್ದಳು, ಅವಳಿಗೆ ಈ ವಿಷಯ ಗೊತ್ತಿರಲಿಲ್ಲ. ಶರಣಮ್ಮ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು.

"ಗ್ರಹಣದಾಗ," ಎಂದಳು. "ಚಂದ್ರಾಮಗ ಗ್ರಹಣ ಹಿಡದಾಗ ಹಡದೀನಿ. ಯಾರಿಗೂ ಹೇಳಿದ್ದಿಲ್ಲ."

ಮೇಲೆ ಎಲ್ಲೋ ಸರಳು ಕತ್ತರಿಸುವ ಯಂತ್ರ ಒಂದೇ ಓಡುತ್ತಿತ್ತು. ದ್ರಾಕ್ಷಾಯಿಣಿ ಅಮ್ಮನ ಮುಖವನ್ನೇ ನೋಡುತ್ತಿದ್ದವಳು, "ಕಾಣತಿತ್ತೇನವ್ವಾ ಗ್ರಹಣ? ನಾನಿನ್ನೂ ಒಂದೂ ನೋಡಿಲ್ಲ," ಎಂದು ಕೇಳಿದಳು. ಅಷ್ಟೇ ಅವಳಿಗೆ ಅನಿಸಿದ್ದು.

ರತ್ನವ್ವ ಬುತ್ತಿಯ ಮುಚ್ಚಳ ಹಾಕಿದಳು. ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು ನಿಂತಳು.

"ಟೀಚರ್ರ, ನನ್ನ ಮಗಾ ಅಮಾಸಿ ದಿನ ಹುಟ್ಟ್ಯಾನ. ಮಣ್ಣೆತ್ತಿನ ಅಮಾಸಿ. ಬರ್ಕೊಳ್ರಿ."

ಅವಳ ಹಿಂದೆ ಇನ್ನೊಬ್ಬಳು ಎದ್ದಳು, ಅವಳ ಹಿಂದೆ ಇನ್ನೂ ಇಬ್ಬರು. ನನ್ನ ಬಳಿ ಬೇರೆ ಕಾಗದ ಇರಲಿಲ್ಲ. ಫಲಿತಾಂಶದ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ, ಅದು ತುಂಬಿದ ಮೇಲೆ ಸಿಮೆಂಟ್ ಚೀಲ ಹರಿದು ಕೊಟ್ಟರು. ಒಟ್ಟು ಹದಿನಾಲ್ಕು ಮಕ್ಕಳು. ಯಾರ ದಿನವೂ ಮರೆತುಹೋಗಿರಲಿಲ್ಲ, ಶ್ರೀವಾಣಿ. ಹಾಳೆ, ಚೀಲ ಎರಡನ್ನೂ ಮೆಲಿಷಾಳ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಚೀಲದಿಂದ ಧೂಳು ಬೀಳುತ್ತದೆ, ತಂದೆಯವರು ಪಂಚಾಂಗ ಬಿಡಿಸುವ ಮೊದಲು ಹೊರಗೆ ಕೊಡವಲು ಹೇಳಿ.

ಸುಭಾಷಿಣಿ